ಕಿನ್ನಿಗೋಳಿಯ ಲ್ಯಾಟಿನೋ

ಐವತ್ತರ ಹತ್ತಿರ ಬಂದ ಗಂಡಸಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು, ವಂಶದ ಅಭಿಮಾನ, ಈ ಮೂರರಲ್ಲಿ ಒಂದಾದರೂ ಬರದೆ ಇರುವುದಿಲ್ಲ. ಮೊದಲ ಎರಡಕ್ಕೆ ಮಸ್ಕತ್ತಿನ ಅಲ್ ಖುವೈರಿನ ಯಾವ ಕ್ಲಿನಿಕ್ಕಿನಲ್ಲಾದರೂ ಮದ್ದು ಸಿಗುತ್ತದೆ. ಮೂರನೆಯದಕ್ಕೆ ಮದ್ದಿಲ್ಲ, ಬಂದವನು ಸುಖವಾಗಿರುತ್ತಾನೆ, ಅಕ್ಕಪಕ್ಕದವರು ನರಳುತ್ತಾರೆ. ನನ್ನ ಪಕ್ಕದವರಾದ ಪಾಸ್ಕಲ್ ಸಿಕ್ವೇರಾ ಅವರಿಗೆ ಇದು ಬಂದದ್ದು ಒಂದು ಸೋಮವಾರ, ಚಹಾದ ಹೊತ್ತಿನಲ್ಲಿ, ಕಂಪ್ಯೂಟರಿನ ಮೂಲಕ.

ಪಕ್ಕದವರು ಎಂದರೆ ಎರಡು ಕಡೆಯಿಂದಲೂ ಪಕ್ಕದವರು. ಮನೆಯಲ್ಲಿ ಅವರ ಬಾಗಿಲು ನಮ್ಮ ಬಾಗಿಲಿನ ಪಕ್ಕ, ಆಫೀಸಿನಲ್ಲಿ ಅವರ ಮೇಜು ನನ್ನ ಮೇಜಿನ ಪಕ್ಕ. ನಾನು ಗೂಳಪ್ಪ, ಇಳಕಲ್ಲಿನ ಕಡೆಯವನು. ಪಂಪು ಮಾರುವ ಕಂಪನಿಯಲ್ಲಿ ಎಂಜಿನಿಯರ್. ಪಾಸ್ಕಲ್ಲರು ಕಿನ್ನಿಗೋಳಿಯ ಕಡೆಯವರು; ಅದೇ ಕಂಪನಿಯಲ್ಲಿ ಪರದೇಶದಿಂದ ಪಂಪು ತರಿಸುವ ವಿಭಾಗದವರು. ಅವರು ತರಿಸಿದ್ದನ್ನು ನಾನು ಕೂರಿಸುತ್ತೇನೆ, ನಾನು ಕೂರಿಸಿದ್ದು ಕೆಟ್ಟರೆ ಅವರು ತರಿಸಿದ್ದೇ ಸರಿಯಿಲ್ಲ ಎನ್ನುತ್ತೇನೆ. ಹೀಗೆ ಬಹಳ ವರ್ಷಗಳಿಂದ ಅನ್ಯೋನ್ಯವಾಗಿದ್ದೆವು.

ಆ ಅನ್ಯೋನ್ಯತೆಗೆ ಕಲ್ಲು ಬಿದ್ದದ್ದು ರುಸ್ತಾಕಿನಿಂದ. ನಮ್ಮ ಕಂಪನಿಯ ಯಜಮಾನರು, ನಾವೆಲ್ಲ ಅರ್ಬಾಬ್ ಎಂದು ಕರೆಯುವ ಹಮೂದ್ ಅವರು, ತಮ್ಮ ಹುಟ್ಟೂರಾದ ರುಸ್ತಾಕಿನಲ್ಲಿ ಹೊಸ ಡಿಪೋ ತೆರೆಯುತ್ತೇನೆ ಎಂದರು. ನಮ್ಮಿಬ್ಬರಲ್ಲಿ ಒಬ್ಬರನ್ನು ಅಲ್ಲಿಗೆ ಕಳಿಸುವುದೆಂದೂ ಆಯಿತು. ರುಸ್ತಾಕ್ ಕೆಟ್ಟ ಊರಲ್ಲ. ಕೋಟೆ ಇದೆ, ಸಂತೆ ಇದೆ, ಬಿಸಿನೀರಿನ ಬುಗ್ಗೆ ಇದೆ. ಇಲ್ಲದಿರುವುದು ನಮ್ಮ ಹೆಂಡತಿ ಮಕ್ಕಳು. ಪಾಸ್ಕಲ್ಲರ ಹೆಂಡತಿ ವಿಲ್ಮಾ ಮಸ್ಕತ್ತಿನಲ್ಲಿ ನರ್ಸು, ಮಗಳು ಶರಲ್ ಹತ್ತನೆಯ ತರಗತಿ, ಅವರು ಕದಲುವಂತಿಲ್ಲ. ನನ್ನ ಮನೆಯಲ್ಲಿ ಮಾಧುರಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಳು.

"ನೀವು ಹೋಗೂದಾದ್ರ ಹೋಗ್ರಿ. ನಂಗ ಈಗಷ್ಟ ಸಾಲ್ಯಾಗ ಕೆಲಸ ಸಿಕ್ಕೇತಿ. ನಾ ಬರಂಗಿಲ್ಲ. ಅಲ್ಲಿ ಹೋಗಿ ಅನ್ನಕ್ಕ ಇಡೂದು ಹೆಂಗಂತ ಇವತ್ತ ಕಲ್ಕೋರಿ."

ಹೀಗಾಗಿ ಇಬ್ಬರೂ ಕಂಪನಿಗೆ ಮಸ್ಕತ್ತಿನಲ್ಲೇ ತಾವು ಅನಿವಾರ್ಯ ಎಂದು ತೋರಿಸುವ ಯತ್ನದಲ್ಲಿದ್ದೆವು. ನಾನು ಬೇಗ ಬಂದು ತಡವಾಗಿ ಹೋಗುತ್ತಿದ್ದೆ. ಪಾಸ್ಕಲ್ಲರು ನನಗಿಂತ ಬೇಗ ಬಂದು ನನಗಿಂತ ತಡವಾಗಿ ಹೋಗುತ್ತಿದ್ದರು. ನಡುವೆ ಇಬ್ಬರೂ ಏನು ಕೆಲಸ ಮಾಡುತ್ತಿದ್ದೆವು ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಕಷ್ಟವಿತ್ತು.

ಆ ಸೋಮವಾರ ಚಿಲಿ ದೇಶದ ಪಂಪು ಕಂಪನಿಯೊಂದರಿಂದ ಪಾಸ್ಕಲ್ಲರಿಗೆ ಮೇಲ್ ಬಂತು. ಸ್ಪ್ಯಾನಿಷ್ ಭಾಷೆಯಲ್ಲಿತ್ತು. ಅವರು ಅದನ್ನು ಫೋನಿಗೆ ತೋರಿಸಿ ಇಂಗ್ಲಿಷಿಗೆ ತಿರುಗಿಸಿದರು. ಬರೆದವನ ಹೆಸರು ಎಮಿಲಿಯೊ. ಒಮಾನಿನಂಥ ದೂರದ ನಾಡಿನಲ್ಲಿ ಸಿಕ್ವೇರಾ ಎಂಬ ಹೆಸರು ಕಂಡು ಅವನಿಗೆ ಬಹಳ ಸಂತೋಷವಾಗಿದೆಯಂತೆ. ಲ್ಯಾಟಿನೋಗಳು ಇಲ್ಲದ ಜಾಗ ಲೋಕದಲ್ಲಿ ಇಲ್ಲವಂತೆ. ತಮ್ಮವರೇ ಒಬ್ಬರು ಇರುವ ಕಂಪನಿಯ ಜೊತೆ ವ್ಯಾಪಾರ ಮಾಡಲು ತಾನೇ ಖುದ್ದಾಗಿ ಬರುತ್ತಾನಂತೆ.

"ನೋಡಿ ಮಾರಾಯ್ರೆ," ಎಂದರು ಪಾಸ್ಕಲ್. "ಹೆಸರು ನೋಡಿಯೇ ಗುರುತು ಹಿಡಿದ."

"ಅಂವ ತಪ್ಪು ಗುರುತು ಹಿಡದಾನ್ರೀ. ಅಲ್ಲ ಅಂತ ಬರೀರಿ."

"ಬರೆಯುವ, ಬರೆಯುವ. ಎಂತ ಅರ್ಜೆಂಟು?"

ಬರೆಯುವಷ್ಟರಲ್ಲಿ ಜನರಲ್ ಮ್ಯಾನೇಜರ್ ಸುಮಿತ್ ಸಾಹೇಬರು ಬೆನ್ನ ಹಿಂದೆ ನಿಂತಿದ್ದರು. ಅವರು ಕಾನ್ಪುರದವರು. ವಿಂಧ್ಯದ ಕೆಳಗಿನ ಎಲ್ಲರೂ ಅವರ ಮಟ್ಟಿಗೆ ಮದ್ರಾಸಿಗಳು. ಅವರಲ್ಲಿ ಒಬ್ಬ ಬೇರೆ ಏನೋ ಆಗಿ ಹೊರಬಿದ್ದದ್ದು ಅವರಿಗೆ ರೋಮಾಂಚನ ತಂದಿತು.

"ಅರೇ ಪಾಸ್ಕಲ್ ಭಾಯ್, ಆಪ್ ಲ್ಯಾಟಿನೋ ಹೈಂ? ಪೆಹ್ಲೆ ಕ್ಯೋಂ ನಹೀಂ ಬತಾಯಾ?" ಎಂದರು, ಮೊದಲೇ ಏಕೆ ಹೇಳಲಿಲ್ಲ ಎಂಬ ಆಕ್ಷೇಪದಲ್ಲಿ.

ಪಾಸ್ಕಲ್ಲರಿಗೆ 'ಇಲ್ಲ' ಎನ್ನುವುದಕ್ಕೆ ಕೊಂಕಣಿ ಬರುತ್ತದೆ, ತುಳು ಬರುತ್ತದೆ, ಕನ್ನಡ, ಹಿಂದಿ, ಇಂಗ್ಲಿಷ್ ಬರುತ್ತವೆ, ಅರಬ್ಬಿಯೂ ಬರುತ್ತದೆ. ಅಷ್ಟೂ ಭಾಷೆಗಳನ್ನು ಪಕ್ಕಕ್ಕಿಟ್ಟು ಅವರು ಹೇಳಿದರು, "ಮೂಲದಲ್ಲಿ ಹೌದು, ಸರ್."

ಸುಮಿತ್ ಸಾಹೇಬರು ಅಲ್ಲೇ ಘೋಷಿಸಿದರು: ಚಿಲಿಯ ಅತಿಥಿಯನ್ನು ನೋಡಿಕೊಳ್ಳುವ ಹೊಣೆ ನಮ್ಮ ಲ್ಯಾಟಿನೋಗೆ. ರುಸ್ತಾಕಿನ ವಿಚಾರ ಅತಿಥಿ ಬಂದು ಹೋದ ಮೇಲೆ. ಇದನ್ನು ಹೇಳುವಾಗ ಅವರು ನನ್ನತ್ತ ನೋಡಿದ ರೀತಿ ನೋಡಿದರೆ ಅನ್ನಕ್ಕೆ ಇಡುವುದನ್ನು ನಾನು ಕಲಿತುಕೊಳ್ಳುವುದೇ ಒಳ್ಳೆಯದು ಎನಿಸಿತು.

ಸಂಜೆ ಪಾಸ್ಕಲ್ಲರು ನನ್ನನ್ನೂ ಮಾಧುರಿಯನ್ನೂ ಚಹಾಕ್ಕೆ ಕರೆದರು. ವಿಷಯವನ್ನು ಮನೆಯವರಿಗೆ ತಿಳಿಸುವಾಗ ಸಾಕ್ಷಿಗಳು ಬೇಕಿತ್ತು. ವಾದಿ ಕಬೀರಿನಲ್ಲಿ ಗ್ಯಾರೇಜು ನೋಡಿಕೊಳ್ಳುವ ವಿಲ್ಮಾ ಅವರ ತಮ್ಮ ಕ್ರಿಸ್ಟೋಫರ್ ಕೂಡ ಬಂದಿದ್ದ. ಪಾಸ್ಕಲ್ಲರು ಮೇಲ್ ಅನ್ನು ಎಲ್ಲರಿಗೂ ಓದಿ ಹೇಳಿದರು. ವಿಲ್ಮಾ ಇಡ್ಲಿಯಂಥ ಸಾನ್ನದ ತಟ್ಟೆ ತಂದಿಟ್ಟು ಮಾಧುರಿಯ ಕಡೆ ತಿರುಗಿದರು.

"ಇವರ ಅಪ್ಪ ಬೀಡಿ ಡಿಪೋ ಇಟ್ಟಿದ್ದರು ಮಾಧುರಿ. ಅಜ್ಜ ತೆಂಗಿನ ಮರ ಹತ್ತುತ್ತಿದ್ದರು. ಈಗ ಲ್ಯಾಟಿನೋ ಅಂತೆ."

"ತೆಂಗಿನ ಮರ ಬ್ರೆಜಿಲಿನಲ್ಲಿ ಸಹ ಉಂಟು," ಎಂದರು ಪಾಸ್ಕಲ್.

ಶರಲ್ ಫೋನಿನಿಂದ ತಲೆಯೆತ್ತಿದಳು. ಆ ಹುಡುಗಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದು ಅಮ್ಮ ಹೊಡೆಯಲು ಬಂದಾಗ ಮಾತ್ರ. "ಡ್ಯಾಡಾ, ಪ್ಲೀಸ್. ಲ್ಯಾಟಿನೋ ಮೀನ್ಸ್ ಲ್ಯಾಟಿನ್ ಅಮೆರಿಕ. ವಿ ಆರ್ ಫ್ರಮ್ ಕಿನ್ನಿಗೋಳಿ."

"ಅಷ್ಟು ಗೊತ್ತಿದ್ದರೆ ಆ ಶಬ್ದ ಎಲ್ಲಿಂದ ಬಂತು ಹೇಳು ನೋಡುವ," ಎಂದರು ಅಪ್ಪ.

ಅವಳು ಹೇಳಿಯೇ ಬಿಟ್ಟಳು. ರೋಮ್ ಪಟ್ಟಣದ ಸುತ್ತ ಲಾತಿಯಂ ಎಂಬ ಒಂದು ಸಣ್ಣ ಸೀಮೆ ಇತ್ತಂತೆ. ಅಲ್ಲಿಯವರ ಮಾತು ಲ್ಯಾಟಿನ್. ರೋಮಿನವರು ದಂಡು ಒಯ್ದಲ್ಲೆಲ್ಲ ಮಾತೂ ಹೋಯಿತು, ಹೋದಲ್ಲಿ ಒಡೆದು ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್ ಎಂದೆಲ್ಲ ಆಯಿತು. ಆ ಭಾಷೆಯವರು ಸಮುದ್ರ ದಾಟಿ ಆಳಿದ ನಾಡುಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಟಿನ್ ಅಮೆರಿಕ ಎಂದು ಕರೆಯತೊಡಗಿದರು. ಫ್ರಾನ್ಸಿನವರಿಗಂತೂ ಆ ಹೆಸರು ಬಹಳ ಹಿಡಿಸಿತಂತೆ, ಏಕೆಂದರೆ ಆ ಲೆಕ್ಕದಲ್ಲಿ ಅವರೂ ನೆಂಟರಾಗುತ್ತಿದ್ದರು. ಆ ನಾಡಿನವನು ಲ್ಯಾಟಿನೋಅಮೆರಿಕಾನೊ. ಇಷ್ಟುದ್ದ ಹೇಳಲು ಪುರುಸೊತ್ತಿಲ್ಲದವರು ಲ್ಯಾಟಿನೋ ಎಂದರು. ಒಟ್ಟಿನಲ್ಲಿ ರೋಮಿನ ಪಕ್ಕದ ನಾಲ್ಕು ಹಳ್ಳಿಗಳ ಹೆಸರನ್ನು ಒಂದು ಖಂಡವೇ ಹೊತ್ತು ತಿರುಗುತ್ತಿದೆ ಎಂದು ನನಗೆ ಅರ್ಥವಾಯಿತು. ನಮ್ಮ ಇಳಕಲ್ ಸೀರೆಗೂ ಇಷ್ಟು ಪ್ರಚಾರ ಸಿಕ್ಕಿಲ್ಲ.

ಪಾಸ್ಕಲ್ಲರು ಸೋಲಲಿಲ್ಲ. ಅವರಿಗೆ ಇನ್ನೂ ಬಲ ಬಂದಂತಾಯಿತು.

"ಈಗ ಕೇಳಿ. ಪೋರ್ಚುಗೀಸರ ಹಡಗು ಹೊರಟದ್ದು ಎಲ್ಲಿಗೆ? ಇಂಡಿಯಾಕ್ಕೆ. ದಾರಿಯಲ್ಲಿ ಬ್ರೆಜಿಲ್ ಸಿಕ್ಕಿತು. ಅದು ಚರಿತ್ರೆಯಲ್ಲಿ ಉಂಟು. ದಾರಿಯಲ್ಲಿ ಸಿಕ್ಕಿದವರು ಲ್ಯಾಟಿನೋ ಆಗ್ತಾರೆ, ಯಾರ ಮನೆಗೆ ಅಂತ ಹೊರಟು ಬಂದರೋ ಆ ಮನೆಯವರು ಆಗುವುದಿಲ್ಲ ಅಂದ್ರೆ ಇದು ಎಂತ ನ್ಯಾಯ? ಹೆಸರು ಅವರದ್ದು, ಇಗರ್ಜಿ ಅವರದ್ದು. ಮತ್ತೆ ನನಗೆ ಲ್ಯಾಟಿನ್ ಸಹ ಬರ್ತದೆ. ಸಣ್ಣದಿರುವಾಗ ಊರಿನ ಇಗರ್ಜಿಯ ಕೊಯರಿನಲ್ಲಿ ಲ್ಯಾಟಿನ್ ಹಾಡಿದ್ದೇನೆ. ಚಿಲಿಯವನಿಗೆ ಬರುವುದು ಅದರ ಮೊಮ್ಮಗಳು, ನನಗೆ ಬರುವುದು ಅಜ್ಜಿ."

"ಹಂಗಂದ್ರ ಮಸ್ಕತ್ತಿನ ಮಂದೀನೂ ಲ್ಯಾಟಿನೋನ ಅನ್ರಿ," ಎಂದಳು ಮಾಧುರಿ. "ಇಲ್ಲಿ ಸಮುದ್ರದ ದಂಡಿಗೂ ಅವರು ಕಟ್ಟಿದ ಕ್ವಾಟಿ ಅದಾವಲ್ಲ."

ಕ್ರಿಸ್ಟೋಫರ್ ಮಾತ್ರ ಬಹಳ ಹೊತ್ತು ಯೋಚಿಸಿ, "ಭಾವ, ಹಾಗಾದ್ರೆ ನಾನು ಸಹ ಆಗ್ತೇನೆ ಅಲ್ವಾ?" ಎಂದ. ಭಾವ ಉದಾರವಾಗಿ ಅವನನ್ನೂ ಸೇರಿಸಿಕೊಂಡರು. ಮರುವಾರ ಅವನ ಪಿಕಪ್ಪಿನ ಹಿಂದಿನ ಗಾಜಿನ ಮೇಲೆ ಕೆಂಪಕ್ಷರದಲ್ಲಿ ಲ್ಯಾಟಿನೋ ಎಂದು ಬಂತು. ಗ್ಯಾರೇಜಿನ ಪಾಕಿಸ್ತಾನಿ ಮೆಕ್ಯಾನಿಕ್ ಇದು ಯಾವ ಎಂಜಿನ್ ಎಣ್ಣೆ ಎಂದು ಕೇಳಿದನಂತೆ.

ಆಮೇಲೆ ಪಾಸ್ಕಲ್ಲರು ನಡೆಯುವ ರೀತಿಯೇ ಬದಲಾಯಿತು. ಗಂಜಿ ಊಟಕ್ಕೆ ಆಲಿವ್ ಎಣ್ಣೆ ಬಂತು. ಲಿಫ್ಟಿನಲ್ಲಿ ಸಿಕ್ಕಾಗ ಭುಜ ಕುಣಿಸುತ್ತಾ ಶಿಳ್ಳೆ ಹಾಕತೊಡಗಿದರು. ಊರಿನಿಂದ ಅವರ ತಾಯಿ ಎಲಿಜಬೆತ್ ಬಾಯಿ ಫೋನು ಮಾಡಿ, ಮಗ ಧರ್ಮ ಬದಲಾಯಿಸಿದ್ದಾನೆ ಎಂದು ಯಾರೋ ಹೇಳಿದರು, ನಿಜವಾ ಎಂದು ವಿಲ್ಮಾ ಅವರನ್ನು ಕೇಳಿದರಂತೆ. ಎಮಿಲಿಯೊನ ಮೇಲುಗಳಿಗೆ ಮಾತ್ರ ಫೋನಿನ ದಯೆಯಿಂದ ಸ್ಪ್ಯಾನಿಷಿನಲ್ಲೇ ಉತ್ತರ ಹೋಗುತ್ತಿತ್ತು. ನಾನು ಸುಮಿತ್ ಸಾಹೇಬರಿಗೆ ಸತ್ಯ ಹೇಳಬಹುದಿತ್ತು. ಆದರೆ ಚಾಡಿ ಹೇಳಿ ಉಳಿದವನು ಎಂಬ ಹೆಸರು ನನಗೇಕೆ? ಬಂದವನು ಬಾಯಿ ತೆರೆದ ಕೂಡಲೇ ಇವರ ಬಣ್ಣ ಬಯಲಾಗುತ್ತದೆ, ರುಸ್ತಾಕ್ ತಾನಾಗಿ ಅವರ ಪಾಲಿಗೆ ಹೋಗುತ್ತದೆ ಎಂದು ಸಜ್ಜನನಂತೆ ಸುಮ್ಮನಿದ್ದೆ.

ಅತಿಥಿ ಬರುವ ಹಿಂದಿನ ದಿನ ಅರ್ಬಾಬ್ ಆಫೀಸಿಗೆ ಬಂದರು. ಸುಮಿತ್ ಸಾಹೇಬರು ಪಾಸ್ಕಲ್ಲರನ್ನು ಮುಂದೆ ನಿಲ್ಲಿಸಿ, ಇವರು ಪೋರ್ಚುಗೀಸ್ ಮೂಲದವರು ಎಂದು ಪರಿಚಯಿಸಿದರು. ಅರ್ಬಾಬ್ ಕಾಫಿಯ ಪುಟ್ಟ ಬಟ್ಟಲನ್ನು ಕೆಳಗಿಟ್ಟು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡುವ ಮನುಷ್ಯ.

"ಪೋರ್ಚುಗೀಸರು ಮಸ್ಕತ್ತಿನಲ್ಲಿ ನೂರು ವರ್ಷಕ್ಕಿಂತ ಹೆಚ್ಚು ಕೂತಿದ್ದರು. ನಮ್ಮ ಹಿರಿಯರು ಬಹಳ ಕಷ್ಟಪಟ್ಟು ಓಡಿಸಿದರು. ಈತನಿಗೆ ಮತ್ತೆ ವೀಸಾ ಮಾಡಿಸಿದವರು ಯಾರು?"

"ತಾವೇ, ಅರ್ಬಾಬ್," ಎಂದರು ಸುಮಿತ್ ಸಾಹೇಬರು.

ಅರ್ಬಾಬರ ಗಡ್ಡದೊಳಗೆ ನಗು ಆಡಿತು. "ಓಡಿಸುವ ಕೆಲಸ ಶುರುವಾದದ್ದು ನಮ್ಮ ರುಸ್ತಾಕಿನಿಂದ. ನೀನು ಒಮ್ಮೆ ಆ ಕೋಟೆ ನೋಡಬೇಕು."

ರುಸ್ತಾಕ್ ಎಂಬ ಹೆಸರು ಕೇಳಿದ್ದೇ ಪಾಸ್ಕಲ್ಲರ ಮುಖ ಹುಳಿ ಹಿಂಡಿದ ಹಾಲಾಯಿತು. ಅಂದು ಸಂಜೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಅವರು ನನ್ನ ಕೈ ಹಿಡಿದರು. "ಗೂಳಪ್ಪನವರೇ, ನಾಳೆ ಏರ್‌ಪೋರ್ಟಿಗೆ ನೀವು ಸಹ ಬನ್ನಿ. ಪಂಪಿನ ವಿಷಯ ಅವನು ಎಂತಾದರೂ ಕೇಳಿದರೆ?" ಪಂಪಿನ ವಿಷಯವನ್ನಲ್ಲ, ಮಿಕ್ಕ ಎಲ್ಲವನ್ನೂ ಅವನು ಕೇಳುತ್ತಾನೆ ಎಂಬ ಭಯ ಅವರ ಕಣ್ಣಿನಲ್ಲಿತ್ತು. ಮಜಾ ನೋಡಲು ನಾನು ಒಪ್ಪಿದೆ.

ಮರುದಿನ ಮಧ್ಯಾಹ್ನ ವಿಮಾನ ನಿಲ್ದಾಣದಲ್ಲಿ ಎಮಿಲಿಯೊ ಎಂದು ಬರೆದ ಹಲಗೆ ನನ್ನ ಕೈಯಲ್ಲಿತ್ತು. ಕ್ರಿಸ್ಟೋಫರ್ ಕೊಟ್ಟ ಅಗಲ ಅಂಚಿನ ಹ್ಯಾಟು ಪಾಸ್ಕಲ್ಲರ ತಲೆಯ ಮೇಲಿತ್ತು.

"ನೋಡಾಕ ಹೆಂಗದಾನಂತ?" ಎಂದು ಕೇಳಿದೆ.

"ಹೆಚ್ಚುಕಮ್ಮಿ ನನ್ನ ಹಾಗೆ. ಸ್ವಲ್ಪ ಬಿಳಿ ಇರಬಹುದು."

ಬಾಗಿಲಿನಿಂದ ಜನ ಬರತೊಡಗಿದರು. ಹೂವಿನ ಅಂಗಿ, ಬಿಳಿ ಹ್ಯಾಟು, ದಪ್ಪ ಮೀಸೆಯ ಒಬ್ಬ ಗುಂಡನೆಯವನನ್ನು ಕಂಡದ್ದೇ ಪಾಸ್ಕಲ್ಲರು ಎರಡೂ ತೋಳು ಚಾಚಿ ಓಡಿದರು. ಅಪ್ಪಿ, ಬೆನ್ನು ತಟ್ಟಿ, ಕೆನ್ನೆಗೆ ಕೆನ್ನೆ ತಾಗಿಸಿದರು. ಆತ ತ್ರಿಶ್ಶೂರಿನವನು, ಬ್ಯಾಂಕಾಕ್ ಪ್ರವಾಸ ಮುಗಿಸಿ ಬಂದವನು. ಇಷ್ಟು ಪ್ರೀತಿಯ ಹಿಂದೆ ಚಿಟ್ ಫಂಡ್ ಇದೆಯೆಂದು ಅನುಮಾನಿಸಿ ತನ್ನ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋದ.

ಅಷ್ಟರಲ್ಲಿ ನಮ್ಮ ಪಕ್ಕದಲ್ಲಿ ಒಬ್ಬ ಎತ್ತರದ ಅರಬ ಬಂದು ನಿಂತಿದ್ದ. ಕಪ್ಪು ಗಡ್ಡ, ದಟ್ಟ ಹುಬ್ಬು, ಉದ್ದ ಮೂಗು. ಒಮಾನಿಗಳ ಉದ್ದ ನಿಲುವಂಗಿ ದಿಶ್‌ದಾಶ ತೊಟ್ಟಿದ್ದರೆ ಅರ್ಬಾಬರ ಸೋದರಳಿಯ ಎನ್ನಬಹುದಿತ್ತು. ಟ್ಯಾಕ್ಸಿಯವರು ಅವನಿಗೆ ಸಲಾಂ ಹೇಳಿ ಅರಬ್ಬಿಯಲ್ಲಿ ಎಲ್ಲಿಗೆ ಎಂದು ಕೇಳುತ್ತಿದ್ದರು. ಅವನು ತಲೆಯಾಡಿಸುತ್ತಾ ನಮ್ಮ ಹಲಗೆಯತ್ತ ಬೆರಳು ತೋರಿಸಿದ.

"ಲಾ, ಲಾ, ಸದೀಕ್," ಎಂದರು ಪಾಸ್ಕಲ್, ತಮಗೆ ಬರುವ ಅರಬ್ಬಿಯನ್ನೆಲ್ಲ ಸೇರಿಸಿ. ಇಲ್ಲ ಗೆಳೆಯಾ, ಸ್ವಲ್ಪ ಸರಿದು ನಿಲ್ಲು, ನಮ್ಮ ಅತಿಥಿ ಕಾಣಿಸುವುದಿಲ್ಲ ಎಂದು ಅರ್ಥ.

ಅವನು ಇಂಗ್ಲಿಷಿನಲ್ಲಿ ಹೇಳಿದ, "ಕ್ಷಮಿಸಿ, ನನಗೆ ಅರಬ್ಬಿ ಒಂದಕ್ಷರವೂ ಬರುವುದಿಲ್ಲ. ನಾನೇ ಎಮಿಲಿಯೊ. ಎಮಿಲಿಯೊ ಹದ್ದಾದ್."

ಪಾಸ್ಕಲ್ಲರು ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡರು. ಗೌರವಕ್ಕಲ್ಲ, ಎದೆ ನೋವಿಗೆ.

ಕಾರಿನಲ್ಲಿ ಕತೆ ಗೊತ್ತಾಯಿತು. ಎಮಿಲಿಯೊನ ಮುತ್ತಜ್ಜ ಪ್ಯಾಲೆಸ್ತೀನದ ಬೆತ್ಲೆಹೇಮಿನ ಹತ್ತಿರದ ಕ್ರೈಸ್ತ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಹಡಗು ಹತ್ತಿ ಚಿಲಿಗೆ ಹೋದ. ಹಾಗೆ ಹೋದವರು ಅಲ್ಲಿ ಸಾವಿರಗಟ್ಟಲೆ ಇದ್ದಾರಂತೆ. ಇದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿ, ಅವನು ಹಿಂದಿನ ಸೀಟಿನಲ್ಲಿದ್ದ ತನ್ನ ‘ಬಂಧು’ ಪಾಸ್ಕಲ್ಲರ ಕಡೆ ತಿರುಗಿ ಸ್ಪ್ಯಾನಿಷ್ ಶುರುಮಾಡಿದ. ಮಳೆ ಹುಯ್ದಂತೆ ಹುಯ್ದ. ಪಾಸ್ಕಲ್ಲರು ಎರಡೂ ಕೈಯಿಂದ ಗಂಟಲು ಹಿಡಿದುಕೊಂಡು ಕಣ್ಣು ಮೇಲೆ ಮಾಡಿದರು.

"ಇವರ ಗಂಟಲು ಕೆಟ್ಟಿದೆ, ಡಾಕ್ಟರು ಮಾತಾಡಬೇಡಿ ಎಂದಿದ್ದಾರೆ," ಎಂದು ಆ ಸನ್ನೆಯನ್ನು ನಾನೇ ಇಂಗ್ಲಿಷಿಗೆ ತರ್ಜುಮೆ ಮಾಡಿದೆ. ಕನ್ನಡದಲ್ಲಿ ಅವರಿಗೆ, "ಎಷ್ಟು ದಿನ ಹಿಂಗ ಹಿಡ್ಕೊಂಡು ಕೂಡ್ತೀರಿ?" ಎಂದೆ. ಅವರು ಗಂಟಲು ಬಿಡದೆ, "ನಾಳೆಯ ಔತಣದವರೆಗೆ ಕಾಪಾಡಿ ಮಾರಾಯ್ರೆ," ಎಂದು ಪಿಸುಗುಟ್ಟಿದರು. ಎಮಿಲಿಯೊ ಮರುಕದಿಂದ ಅವರಿಗೆ ಒಂದು ಪುದೀನ ಗುಳಿಗೆ ಕೊಟ್ಟ.

ಎರಡು ದಿನ ಹೀಗೆ ಕಳೆಯಿತು. ಅತಿಥಿ ಹೋದಲ್ಲೆಲ್ಲ ಒಮಾನಿಗಳು ಅವನ ಜೊತೆ ಅರಬ್ಬಿ ಮಾತಾಡಿದರು, ಅವನು ಪಾಸ್ಕಲ್ಲರ ಜೊತೆ ಸ್ಪ್ಯಾನಿಷ್ ಮಾತಾಡಿದ, ಪಾಸ್ಕಲ್ಲರು ಗಂಟಲು ಹಿಡಿದು ನನ್ನತ್ತ ನೋಡಿದರು. ಕೊನೆಗೆ ಪಂಪಿನ ಬಗ್ಗೆ ಮಾತಾಡಿದವನು ನಾನು ಒಬ್ಬನೇ. ಅದನ್ನು ಯಾರೂ ಗಮನಿಸಲಿಲ್ಲ.

ಎರಡನೆಯ ಸಂಜೆ ಅಲ್ ಖುವೈರಿನ ಒಂದು ಹೋಟೆಲಿನಲ್ಲಿ ಔತಣ. ಅರ್ಬಾಬ್, ಸುಮಿತ್ ಸಾಹೇಬರು, ಆಫೀಸಿನವರು, ಹೆಂಡಂದಿರು ಮಕ್ಕಳು ಎಲ್ಲ ಇದ್ದರು. ಸುಮಿತ್ ಸಾಹೇಬರು ಎದ್ದು ಚಮಚದಿಂದ ಗ್ಲಾಸು ಬಡಿದರು. "ಈಗ ನಮ್ಮ ಲ್ಯಾಟಿನೋ, ನಮ್ಮ ಅತಿಥಿಯನ್ನು ಅವರ ಮಾತೃಭಾಷೆಯಲ್ಲಿ ಸ್ವಾಗತಿಸುತ್ತಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಪಾಸ್ಕಲ್ಲರ ಕೈ ಗಂಟಲಿನತ್ತ ಹೊರಟಿತು.

"ಗಂಟಲು ಸರಿಯಾಗಿದೆ, ಪಾಸ್ಕಲ್ ಭಾಯ್. ಮಧ್ಯಾಹ್ನ ಫೋನಿನಲ್ಲಿ ಭಾವಮೈದುನನಿಗೆ ಬೈಯುತ್ತಿದ್ದುದು ನನ್ನ ಕೋಣೆಯವರೆಗೆ ಕೇಳಿಸಿತು."

ನಾನು ಕಾಯುತ್ತಿದ್ದ ಗಳಿಗೆ ಇದೇ. ಆದರೆ ಅವರು ಎದ್ದು ನಿಂತದ್ದನ್ನು ನೋಡಿ ನನಗೆ ಅಯ್ಯೋ ಎನಿಸಿತು. ಎದುರಿಗೆ ಹೆಂಡತಿ ಮಗಳು ಕೂತಿದ್ದಾರೆ, ಹಣೆಯ ಬೆವರು ಮೂಗಿನ ತುದಿಗೆ ಇಳಿದಿದೆ. ಅವರು ಕಣ್ಣು ಮುಚ್ಚಿದರು. ಮೊಮ್ಮಗಳು ಬರದಿದ್ದರೇನು, ಅಜ್ಜಿ ಬರುತ್ತಾಳಲ್ಲ ಎಂದು ಧೈರ್ಯ ಮಾಡಿರಬೇಕು. ಬಾಯಿ ತೆರೆದು, ಗಂಭೀರವಾದ ಎಳೆದ ದನಿಯಲ್ಲಿ ಲ್ಯಾಟಿನ್ ಹಾಡತೊಡಗಿದರು.

ಹಾಡು ಚೆನ್ನಾಗಿತ್ತು. ಸುಳ್ಳು ಹೇಳಬಾರದು, ನನ್ನ ಮೈ ಜುಮ್ಮೆಂದಿತು. ಮೊದಲ ಸಾಲು ಮುಗಿಯುವಷ್ಟರಲ್ಲಿ ಎಮಿಲಿಯೊ ಧಡಕ್ಕನೆ ಎದ್ದು ನಿಂತು ತಲೆ ತಗ್ಗಿಸಿ ಶಿಲುಬೆಯ ಗುರುತು ಮಾಡಿದ. ಅತಿಥಿ ಎದ್ದದ್ದನ್ನು ನೋಡಿ ಅರ್ಬಾಬ್ ಎದ್ದರು. ಅರ್ಬಾಬ್ ಎದ್ದದ್ದನ್ನು ನೋಡಿ ಇಡೀ ಆಫೀಸು ಎದ್ದಿತು. ಸುಮಿತ್ ಸಾಹೇಬರು ಇದು ಚಿಲಿಯ ರಾಷ್ಟ್ರಗೀತೆ ಎಂದುಕೊಂಡು ಎದೆಯ ಮೇಲೆ ಕೈ ಇಟ್ಟು ಸೆಟೆದು ನಿಂತರು. ಹೋಟೆಲಿನ ಹುಡುಗರು ತಟ್ಟೆ ಹಿಡಿದವರು ಹಿಡಿದಂತೆಯೇ ನಿಂತರು. ವಿಲ್ಮಾ ಮಾತ್ರ ಕರವಸ್ತ್ರ ತೆಗೆದು ಬಿಕ್ಕತೊಡಗಿದರು.

"ಯಾಕ್ರೀ ಅಕ್ಕಾರ?" ಎಂದು ಮಾಧುರಿ ಗಾಬರಿಯಿಂದ ಕೇಳಿದಳು.

"ನಮ್ಮ ಪಪ್ಪನನ್ನು ಮಣ್ಣು ಮಾಡುವಾಗ ಇದನ್ನೇ ಹಾಡಿದ್ದು," ಎಂದರು ವಿಲ್ಮಾ. "ಇದು ಸತ್ತವರ ಪ್ರಾರ್ಥನೆ. ಊರಿನ ಕೊಯರಿನಲ್ಲಿ ಲ್ಯಾಟಿನ್ ಹಾಡುವುದು ಹೆಣ ಇಳಿಸುವಾಗ ಮಾತ್ರ. ಇವರಿಗೆ ಬೇರೆ ಎಂತದೂ ಬರುವುದಿಲ್ಲ."

ಶರಲ್ ತಲೆಯನ್ನು ಮೇಜಿನ ಬಟ್ಟೆಯ ಕೆಳಗೆ ತೂರಿಸಿಕೊಂಡಿದ್ದಳು.

ಪಾಸ್ಕಲ್ಲರು ಮೂರು ಸಲ ಆವರ್ತಿಸಿ, ಕಡೆಯ ಅಕ್ಷರವನ್ನು ಗೋರಿಯ ಆಳಕ್ಕೆ ಇಳಿಸಿ ನಿಲ್ಲಿಸಿದರು. ಯಾರೂ ಕೂರಲಿಲ್ಲ. ಎಮಿಲಿಯೊ ಮೆಲ್ಲನೆ ಬಂದು ಅವರ ಭುಜದ ಮೇಲೆ ಕೈ ಇಟ್ಟು, "ಯಾರು ತೀರಿಕೊಂಡರು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಏನು ಹೇಳಿದರು? ಸ್ವಾಗತ ಹೇಗಿತ್ತು?" ಎಂದು ಸುಮಿತ್ ಸಾಹೇಬರು ಎದೆಯಿಂದ ಕೈ ತೆಗೆಯದೆ ವಿಚಾರಿಸಿದರು.

ಎಮಿಲಿಯೊ ಒಮ್ಮೆ ಬಿಕ್ಕುತ್ತಿದ್ದ ವಿಲ್ಮಾ ಅವರನ್ನು ನೋಡಿದ, ಒಮ್ಮೆ ಬೆವರುತ್ತಿದ್ದ ಪಾಸ್ಕಲ್ಲರನ್ನು ನೋಡಿದ. ಬುದ್ಧಿವಂತ. "ನಮ್ಮ ಪಂಪುಗಳಿಗೆ ಚಿರಶಾಂತಿ ಕೋರಿದರು," ಎಂದ.

ಮೊದಲು ನಕ್ಕವರು ಅರ್ಬಾಬ್. ಆಮೇಲೆ ನಗದವರು ಪಾಸ್ಕಲ್ಲರು ಒಬ್ಬರೇ. ನಗು ನಿಂತ ಮೇಲೆ ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ಹೇಳಿದರು, "ಸರ್, ನಾನು ಲ್ಯಾಟಿನೋ ಅಲ್ಲ. ನನಗೆ ಸ್ಪ್ಯಾನಿಷ್ ಬರುವುದಿಲ್ಲ. ಹೆಸರು ಪಾದ್ರಿಗಳು ಇಟ್ಟದ್ದು. ನಾನು ಕಿನ್ನಿಗೋಳಿಯವನು. ನನ್ನ ಮಗಳದ್ದು ಹತ್ತನೆಯ ಕ್ಲಾಸು. ನನಗೆ ರುಸ್ತಾಕಿಗೆ ಹೋಗಲಿಕ್ಕೆ ಮನಸ್ಸಿರಲಿಲ್ಲ, ಅದಕ್ಕೆ."

ಶರಲ್ ಮೇಜಿನ ಬಟ್ಟೆಯಿಂದ ತಲೆ ಹೊರಗೆ ತೆಗೆದಳು. ಅವಳ ಕಣ್ಣು ತುಂಬಿತ್ತು.

"ನೀವು ಅಲ್ಲ ಎನ್ನುವುದು ನನಗೆ ಕಾರಿನಲ್ಲೇ ಗೊತ್ತಾಯಿತು," ಎಂದ ಎಮಿಲಿಯೊ. "ಲ್ಯಾಟಿನೋ ಗಂಟಲು ಕೆಟ್ಟರೂ ಕೈಯಿಂದ ಮಾತಾಡುತ್ತಾನೆ. ನೀವು ಕೈಯಿಂದ ಗಂಟಲು ಹಿಡಿದಿರಿ." ಮತ್ತೆ ನಗು. ಅವನು ಮುಂದುವರಿಸಿದ, "ನನ್ನ ಕತೆ ಕೇಳಿ. ಚಿಲಿಯಲ್ಲಿ ನಮ್ಮನ್ನು ತುರ್ಕರ ಪಾಸ್‌ಪೋರ್ಟಿನಲ್ಲಿ ಬಂದವರೆಂದು ಇವತ್ತಿಗೂ ತುರ್ಕ ಎನ್ನುತ್ತಾರೆ. ಅಮೆರಿಕಕ್ಕೆ ಹೋದ ದಿನ ನಾನು ಲ್ಯಾಟಿನೋ ಆದೆ. ಇಲ್ಲಿ ಎರಡು ದಿನದಿಂದ ಅರಬನಾಗಿದ್ದೇನೆ. ಯಾವುದನ್ನೂ ನಾನು ಕೇಳಿ ಪಡೆದದ್ದಲ್ಲ. ಕೇಳಿ ಪಡೆಯಲು ನೋಡಿದವರು ನೀವು ಒಬ್ಬರೇ."

"ಮಂಗಳೂರಾಗ ನಮ್ಮನ್ನ ಘಟ್ಟದವರು ಅಂತಾರ್ರೀ," ಎಂದು ಮಾಧುರಿ ನನ್ನ ಕಿವಿಯಲ್ಲಿ ಹೇಳಿದಳು. "ಅದನ್ನೂ ಹೇಳ್ರಿ." ಈ ಅಂತರರಾಷ್ಟ್ರೀಯ ಸಭೆಗೆ ಅಷ್ಟು ಭಾರ ಬೇಡವೆಂದು ನಾನು ಸುಮ್ಮನಾದೆ.

ಅರ್ಬಾಬ್ ಅತಿಥಿಯನ್ನೂ ಪಾಸ್ಕಲ್ಲರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರು. "ಅರಬನ ಮುಖ, ಅರಬ್ಬಿ ಬರುವುದಿಲ್ಲ. ಪೋರ್ಚುಗೀಸನ ಹೆಸರು, ಪೋರ್ಚುಗೀಸ್ ಬರುವುದಿಲ್ಲ. ಇವರಿಬ್ಬರೂ ನಿಜವಾಗಿ ಬಂಧುಗಳೇ." ನಂತರ ಅತಿಥಿಯನ್ನು ಕೇಳಿದರು, "ಈಗ ವ್ಯಾಪಾರ ಹೇಳಿ. ನಿಮ್ಮ ಪಂಪು ನಮಗೆ ಕೊಡುತ್ತೀರೋ ಇಲ್ಲವೋ?"

"ಕೊಡುತ್ತೇನೆ," ಎಂದ ಎಮಿಲಿಯೊ. "ಆದರೆ ಒಂದು ಮಾತು. ಹೆಂಡತಿ ಮಕ್ಕಳನ್ನು ಬಿಡಲಾಗದೆ ತನ್ನ ದೇಶವನ್ನೇ ಬದಲಾಯಿಸಲು ಹೊರಟವನು ನಂಬಿಕೆಯ ಮನುಷ್ಯ. ನಮ್ಮ ಪಂಪುಗಳು ಇಳಿಯುವ ಡಿಪೋದ ಉಸ್ತುವಾರಿ ಈ ಸಿಕ್ವೇರಾ ಅವರಿಗೇ ಕೊಡಿ."

ಮಸ್ಕತ್ತಿನ ಡಿಪೋ ಎಂದುಕೊಂಡು ಪಾಸ್ಕಲ್ಲರ ಮುಖ ಅರಳಿತು. ವಿಲ್ಮಾ ಕಣ್ಣೊರೆಸಿಕೊಂಡರು. ನಾನು, ಆಯಿತು, ಅನ್ನಕ್ಕೆ ಇಡುವುದನ್ನು ಕಲಿಯಬೇಕಾಯಿತು ಎಂದುಕೊಂಡೆ.

"ಖಲಾಸ್," ಎಂದರು ಅರ್ಬಾಬ್. "ಕೊಟ್ಟೆ. ಅವು ಇಳಿಯುವುದು ರುಸ್ತಾಕ್ ಡಿಪೋದಲ್ಲಿ."

ಅರಳಿದ ಮುಖ ಹಾಗೆಯೇ ನಿಂತಿತು. ಮುಚ್ಚಲು ಅದಕ್ಕೆ ತಿಳಿಯಲಿಲ್ಲ. ನನಗೆ ಒಳಗೊಳಗೆ ಆದ ಸಂತೋಷವನ್ನು ಇಲ್ಲಿ ಬರೆದರೆ ಸಭ್ಯತೆಯಲ್ಲ. ಅಷ್ಟರಲ್ಲಿ ಎಮಿಲಿಯೊ ನನ್ನ ಕಡೆ ತಿರುಗಿ ಪ್ರೀತಿಯಿಂದ ನಕ್ಕ.

"ಮತ್ತೆ ಈ ಗೂಳಪ್ಪ ಅವರು. ಎರಡು ದಿನ ಪಂಪಿನ ಬಗ್ಗೆ ನನ್ನ ಜೊತೆ ಮಾತಾಡಿದವರು ಇವರೊಬ್ಬರೇ. ಇವರೂ ಜೊತೆಗಿದ್ದರೆ ನಮ್ಮ ಕಂಪನಿಗೆ ಚಿಂತೆಯಿಲ್ಲ."

"ಇವರನ್ನೂ ಕೊಟ್ಟೆ," ಎಂದರು ಅರ್ಬಾಬ್.

ಮಾಧುರಿ ತಟ್ಟೆಯಿಂದ ತಲೆಯೆತ್ತಲಿಲ್ಲ. "ಅಕ್ಕಿ ತೊಳದು, ಬೆರಳಿನ ಒಂದು ಗೆಣ್ಣು ಮುಳುಗೂವಷ್ಟು ನೀರು ಹಾಕ್ರಿ," ಎಂದಳು.

ಶುಕ್ರವಾರ ಶನಿವಾರ ರಜೆಯ ಈ ದೇಶದಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ; ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ನಾವಿಬ್ಬರೂ ನನ್ನ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಮಾಧುರಿ ಕಟ್ಟಿದ ಶೇಂಗಾ ಚಟ್ನಿ, ವಿಲ್ಮಾ ಕಟ್ಟಿದ ಉಪ್ಪಿನಕಾಯಿ, ಒಂದು ಕುಕ್ಕರು. ಕ್ರಿಸ್ಟೋಫರ್ ಪಿಕಪ್ಪಿನ ಗಾಜಿನಿಂದ ಲ್ಯಾಟಿನೋ ಕೆರೆದು ತೆಗೆದು, ಅದೇ ಕೈಯಿಂದ ಟಾಟಾ ಮಾಡಿದ. ಶರಲ್ ಕೆಳಗಿನವರೆಗೆ ಬಂದು, ಯಾರೂ ಹೊಡೆಯಲು ಬಾರದಿದ್ದರೂ, "ಡ್ಯಾಡಾ, ಗುರುವಾರ ಬೇಗ ಬಾ," ಎಂದು ಕೊಂಕಣಿಯಲ್ಲಿ ಹೇಳಿದಳು. ಪಾಸ್ಕಲ್ಲರು ಕನ್ನಡಕ ಒರೆಸಿಕೊಂಡರು. ನಾನು ಕಾರು ಶುರುಮಾಡಿದೆ.

ಹೆದ್ದಾರಿ ಬಿಟ್ಟು ರುಸ್ತಾಕಿನ ದಾರಿಗೆ ತಿರುಗಿದೆವು. ಎದುರಿಗೆ ಕಂದು ಬೆಟ್ಟಗಳು ಬಂದು ನಿಂತವು. ಆಮೇಲೆ ಪಾಸ್ಕಲ್ಲರು ಕಿಟಕಿಯ ಹೊರಗೆ ನೋಡುತ್ತಾ, ಅದೇ ಎಳೆದ ದನಿಯಲ್ಲಿ, ಅದೇ ಹಾಡನ್ನು ಮೆಲ್ಲಗೆ ಶುರುಮಾಡಿದರು. ಈ ಸಲ ಅದು ಸರಿಯಾದ ಸಂದರ್ಭಕ್ಕೇ ಬಂದಿತ್ತು. ಅವರು ಮುಗಿಸಿದಾಗ ಇಳಕಲ್ಲಿನ ಗೂಳಪ್ಪನಾದ ನಾನು ಸ್ಟೇರಿಂಗಿನಿಂದ ಒಂದು ಕೈ ತೆಗೆದು, ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು, "ಆಮೆನ್" ಎಂದೆ.